ಅಳತೆ ಇರುವುದು ನಡೆಸಲಿಕ್ಕೆ

ಮಗಳೇ,

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಬ್ಲಾಕಿನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸಕ್ಕೆ ಸೇರಿದೆಯಂತೆ, ಹೊಗೆನಕಲ್ ಸುತ್ತಿನ ಊರುಗಳೂ ನಿನ್ನ ಪಾಲಿಗೇ ಬಂದಿವೆಯಂತೆ. ನಿನ್ನಪ್ಪ ಹೇಳಿದ, ಸಂತೋಷವಾಯಿತು. 2021ರ ಆಗಸ್ಟ್‌ನಲ್ಲಿ ಪಕ್ಕದ ಕೃಷ್ಣಗಿರಿ ಜಿಲ್ಲೆಯಲ್ಲಿ ಜನರನ್ನು ಹುಡುಕಿಕೊಂಡು ಹೋಗುವ ವೈದ್ಯ ಎಂಬರ್ಥದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಶುರುವಾದ ಮೇಲೆ ಫಿಸಿಯೋಥೆರಪಿ ದೊಡ್ಡಾಸ್ಪತ್ರೆಯ ಕೋಣೆ ಬಿಟ್ಟು ಜನರ ಮನೆ ಜಗಲಿಗೆ ಬಂತು. ನಿನ್ನ ಪಟ್ಟಿಯಲ್ಲಿ ಲಕ್ವ ಹೊಡೆದವರು, ಸೊಂಟ ಮುರಿದುಕೊಂಡ ಅಜ್ಜಿಯರೇ ಹೆಚ್ಚಿರುತ್ತಾರೆ. ಅವರನ್ನು ನೋಡಿಕೊಳ್ಳುವುದನ್ನು ಕಾಲೇಜಿನಲ್ಲಿ ಚೆನ್ನಾಗಿಯೇ ಕಲಿಸಿದ್ದಾರೆ. ನಾನು ಹೇಳಹೊರಟಿರುವುದು ಆ ಪಟ್ಟಿಯಲ್ಲಿ ಅಪರೂಪಕ್ಕೆ ಬರುವ ಹೆಸರಿನ ಬಗ್ಗೆ: ಕೀಲು ಊದಿ ಕುಂಟುವ ಮಗು. ಅದು ಎಷ್ಟು ನಡೆಯಬಲ್ಲದು, ಎಷ್ಟು ಆಡಬಲ್ಲದು ಎಂದು ಹೇಗೆ ಅಳೆಯಬೇಕು, ಅಳೆದ ಮೇಲೆ ಏನು ಮಾಡಬೇಕು ಎನ್ನುವುದರಲ್ಲಿ ನಿನ್ನ ದೊಡ್ಡಪ್ಪನಿಗೆ ನಾಲ್ಕು ಮಾತು ಹೇಳುವುದಿದೆ.

ಮೊದಲ ಅಡ್ಡಿ ಮನೆಯವರ ನಂಬಿಕೆಯೇ. “ವಾತ ಮುದುಕರಿಗೆ ಬರೋದು, ಆಡೋ ಮಕ್ಕಳಿಗೆ ಎಲ್ಲಿಂದ ಬರುತ್ತೆ?” ಅನ್ನುತ್ತಾರೆ. ಬರುತ್ತದೆ. ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯ 1897ರಷ್ಟು ಹಿಂದೆಯೇ ಇಂಥ ಮಕ್ಕಳ ಬಗ್ಗೆ ವಿವರವಾಗಿ ಬರೆದಿದ್ದ. ಹದಿನಾರು ತುಂಬುವ ಮುಂಚೆ ಶುರುವಾಗಿ, ಆರು ವಾರವಾದರೂ ಇಳಿಯದ, ಬೇರೆ ಕಾರಣ ಸಿಗದ ಕೀಲೂತಕ್ಕೆ ಇವತ್ತು ವೈದ್ಯರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ಅದರಲ್ಲೂ ಬಗೆಗಳಿವೆ. ಕೆಲವರಿಗೆ ಒಂದೋ ಎರಡೋ ಕೀಲು, ಕೆಲವರಿಗೆ ಬೆರಳಿನಿಂದ ಕುತ್ತಿಗೆಯವರೆಗೆ, ಇನ್ನು ಕೆಲವರಿಗೆ ಜ್ವರ, ಮೈಮೇಲೆ ಗಂಧೆ. ನಮ್ಮ ದೇಶದಲ್ಲಿ ಶಾಲೆಗೆ ಹೋಗುವ ದೊಡ್ಡ ಗಂಡುಹುಡುಗರಲ್ಲಿ ಹಿಮ್ಮಡಿ, ಮಂಡಿ, ಸೊಂಟದ ಕೆಳಭಾಗ ಹಿಡಿಯುವ ಬಗೆ ಸಾಕಷ್ಟು ಕಾಣುತ್ತದೆ. ಅಂಥ ಹುಡುಗ “ಹಿಮ್ಮಡಿ ನೋವು” ಎಂದರೆ ಚಪ್ಪಲಿಯನ್ನು ಬೈದು ಕಳಿಸಬೇಡ.

ಎರಡನೆಯದು ನಮ್ಮ ನೆಲದ ಗೊಂದಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿಯನ್ನು ದಾಟಿದ ಊರುಗಳು ಇದ್ದುದರಿಂದಲೇ ಜಪಾನಿನ ಸಾಲದ ನೆರವಿನಲ್ಲಿ ಹೊಗೆನಕಲ್ ಕುಡಿಯುವ ನೀರಿನ ಯೋಜನೆ ಹುಟ್ಟಿ, 2013ರಲ್ಲಿ ಕಾವೇರಿ ನೀರು ಆ ಊರುಗಳತ್ತ ಹರಿಯಿತು. ಹಾಗಾಗಿ ಇಲ್ಲಿ ಮಗು ಕುಂಟಿದರೆ ಜನ ಮೊದಲು ಬೈಯುವುದು ನೀರನ್ನು. ಅವರ ಮಾತನ್ನು ತಳ್ಳಿಹಾಕಬೇಡ, ಹಲ್ಲು ನೋಡು. ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಇದ್ದರೆ ಫ್ಲೋರೈಡಿನ ಗುರುತು ನಿಜ. ಆಮೇಲೆ ಕೀಲಿನ ಮೇಲೆ ಅಂಗೈ ಇಡು. ಒಂದು ಮಂಡಿ ಇನ್ನೊಂದಕ್ಕಿಂತ ಬೆಚ್ಚಗಿದೆಯಾ, ಚಿಪ್ಪಿನ ಎರಡೂ ಬದಿಯ ತಗ್ಗು ತುಂಬಿಹೋಗಿದೆಯಾ, ಬೆಳಿಗ್ಗೆ ಬಿಗಿ ಇದ್ದದ್ದು ಹೊತ್ತೇರಿದಂತೆ ಸಡಿಲವಾಗುತ್ತದೆಯಾ ಎಂದು ನೋಡು. ಇವು ಕೀಲೂತದ ಲಕ್ಷಣ. ಎರಡೂ ಒಂದೇ ಮಗುವಿನಲ್ಲಿ ಇರಬಹುದು. ನಿನ್ನ ಕೆಲಸ ಎರಡನ್ನೂ ಬರೆದು ವೈದ್ಯರಿಗೆ ಕಳಿಸುವುದು.

ಹೊಗೆನಕಲ್ ಅಂದಮೇಲೆ ಎಣ್ಣೆ ಮಾಲೀಷಿನ ಮಾತು ಬರದೆ ಇರುತ್ತದೆಯೇ? ಬಂಡೆಯ ಮೇಲೆ ಮಲಗಿಸಿ ಮೈಯೆಲ್ಲ ನಾದುವ ಆ ಕೈಗಳ ಮೇಲೆ ನನಗೆ ಗೌರವವಿದೆ. ದಣಿದ ದೊಡ್ಡವರ ಬೆನ್ನಿಗೆ ಅದು ಹಿತವೇ. ಆದರೆ ಊದಿ ಬಿಸಿಯಾಗಿರುವ ಮಗುವಿನ ಮಂಡಿಯನ್ನು ಒತ್ತಿ ನಾದುವುದು, ಎಳೆದು ಲಟಿಕೆ ಮುರಿಯುವುದು ಬೇಡವೇ ಬೇಡ. ಹೊಳೆಯಾಚೆ ಗೋಪಿನಾಥಂ, ಆಲಂಬಾಡಿ ಕಡೆಯಿಂದಲೂ ಮಕ್ಕಳನ್ನು ಕರೆದುಕೊಂಡು ಬರುವವರಿರುತ್ತಾರೆ. ಅವರಿಗೆ ಹೇಳು. ಮಾಲೀಷು ಮಾಡುವವರಿಗೂ ಹೇಳು. ಅವರನ್ನು ಎದುರು ಹಾಕಿಕೊಳ್ಳಬೇಡ, ಜೊತೆಗೆ ಸೇರಿಸಿಕೋ. “ಮಗುವಿನ ಕೀಲು ಊದಿದ್ದರೆ ನನ್ನ ಹತ್ತಿರ ಕಳಿಸಿ” ಎಂದು ಅವರಲ್ಲಿ ಹೇಳಿಟ್ಟರೆ ಯಾವ ಬೋರ್ಡು ಹಾಕಿದರೂ ಸಿಗದಷ್ಟು ಮಕ್ಕಳು ನಿನಗೆ ಸಿಗುತ್ತಾರೆ.

ಇನ್ನು ಅಳತೆಯ ವಿಷಯ. ಟೇಪು, ಗಡಿಯಾರ ತೆಗೆಯುವ ಮುಂಚೆ ಮೂರು ಪ್ರಶ್ನೆ ಕೇಳು. ಇಂಗ್ಲೆಂಡಿನ ಮಕ್ಕಳ ಕೀಲು ವೈದ್ಯರು ರೂಪಿಸಿದ ‘ಪಿ-ಗಾಲ್ಸ್’ ಎಂಬ ತಪಾಸಣೆ ಇಂಥ ಪ್ರಶ್ನೆಗಳಿಂದಲೇ ಶುರುವಾಗುತ್ತದೆ. ಕೀಲು, ಮಾಂಸಖಂಡ, ಬೆನ್ನಿನಲ್ಲಿ ನೋವೋ ಬಿಗಿತವೋ ಇದೆಯಾ? ಬಟ್ಟೆ ಹಾಕಿಕೊಳ್ಳಲು ಕಷ್ಟವಾಗುತ್ತದೆಯಾ? ಮೆಟ್ಟಿಲು ಹತ್ತಿ ಇಳಿಯಲು ಕಷ್ಟವಾಗುತ್ತದೆಯಾ? ಆಮೇಲೆ ಮಗುವನ್ನು ಆಟಕ್ಕೆ ಕರೆದಂತೆ ಕರೆ. ತುದಿಗಾಲಲ್ಲಿ ನಡೆ, ಹಿಮ್ಮಡಿಯಲ್ಲಿ ನಡೆ, ನಮಸ್ಕಾರ ಮಾಡು, ಈಗ ಅಂಗೈ ಬಿಟ್ಟು ಕೈಗಳ ಹಿಂಬದಿಗೆ ಹಿಂಬದಿ ಸೇರಿಸು, ಸೂರು ನೋಡು, ಬಾಯೊಳಗೆ ಮೂರು ಬೆರಳು ಇಡು. ಕೊನೆಯದನ್ನು ಮಕ್ಕಳು ನಗುತ್ತ ಮಾಡುತ್ತಾರೆ. ಮೂರು ಬೆರಳು ಹೋಗದಿದ್ದರೆ ದವಡೆಯ ಕೀಲಿನ ಕಡೆ ಗಮನ ಕೊಡಬೇಕು. ಮಗು ಮೆತ್ತಗಿನ ಮುದ್ದೆಯನ್ನೇ ಬೇಡುವುದೂ ಇದರಿಂದಲೇ ಇರಬಹುದು, ಹಟ ಅಂತ ಗದರಿಸುವ ಮೊದಲು ನೋಡು.

ಮಗು ದಿನದ ಕೆಲಸಗಳನ್ನು ಎಷ್ಟು ಮಾಡಿಕೊಳ್ಳುತ್ತದೆ ಎಂದು ತಿಳಿಯಲು ‘ಸಿ-ಹ್ಯಾಕ್’ ಎಂಬ ಪ್ರಶ್ನಾವಳಿ ಇದೆ. 1994ರಲ್ಲಿ ಅದನ್ನು ಪ್ರಕಟಿಸಿದವರಲ್ಲಿ ಗುರ್‌ಕಿರ್ಪಾಲ್ ಸಿಂಗ್, ಬಾಲು ಆತ್ರೇಯ ಎಂಬ ಭಾರತ ಮೂಲದ ವೈದ್ಯರೂ ಇದ್ದರು. ಬಟ್ಟೆ ತೊಡುವುದು, ಏಳುವುದು, ಉಣ್ಣುವುದು, ನಡೆಯುವುದು, ಶೌಚ, ಕೈ ಚಾಚುವುದು, ಹಿಡಿಯುವುದು, ಹೊರಗಿನ ಓಡಾಟ ಎಂದು ಎಂಟು ಭಾಗ. ಸೊನ್ನೆ ಎಂದರೆ ತೊಂದರೆಯಿಲ್ಲ, ಮೂರು ಎಂದರೆ ಆಗುವುದೇ ಇಲ್ಲ. ಅದು ಒಳ್ಳೆಯ ಪಟ್ಟಿ. ಆದರೆ ಕುರ್ಚಿ, ಮಂಚದ ಮನೆಗಳನ್ನು ಕಂಡವರು ಬರೆದದ್ದು. ನಮ್ಮ ಮಕ್ಕಳ ಬದುಕು ನೆಲದ ಮೇಲೆ. ಆದ್ದರಿಂದ ನಿನ್ನ ಕಣ್ಣು ಇಷ್ಟನ್ನು ಸೇರಿಸಿಕೊಳ್ಳಲಿ: ಚಾಪೆಯಿಂದ ಹೇಗೆ ಏಳುತ್ತದೆ, ಊಟಕ್ಕೆ ಚಕ್ಕಳಮಕ್ಕಳ ಹಾಕುತ್ತದೆಯೋ ಒಂದು ಕಾಲು ಚಾಚುತ್ತದೆಯೋ, ಕುಕ್ಕರಗಾಲಲ್ಲಿ ಕೂತು ಯಾರ ಕೈಯೂ ಹಿಡಿಯದೆ ಮೇಲೇಳಬಲ್ಲುದೋ, ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲಿಗೆ ಯಾವ ಕಾಲು ಮುಂದಿಡುತ್ತದೆ. ನೆಲದಿಂದ ಏಳುವಾಗ ಅಂಗೈ ಊರಲಾರದೆ ಮುಷ್ಟಿ ಊರುವ ಮಗುವಿನ ಮಣಿಕಟ್ಟನ್ನು ತಪ್ಪದೆ ಮುಟ್ಟಿ ನೋಡು.

ಇನ್ನೊಂದು ಮಾತು. ಪುಟ್ಟ ಮಕ್ಕಳು ನೋವು ಹೇಳುವುದು ಕಡಿಮೆ. ಮೈ ಇರುವುದೇ ಹೀಗೆ ಅಂದುಕೊಂಡಿರುತ್ತವೆ. ನೋವು ಹೇಳುವ ಬದಲು ಆಟ ಬಿಡುತ್ತವೆ. ಕುಂಟೆಬಿಲ್ಲೆ ಬಿಟ್ಟದ್ದು ಯಾವಾಗ, ಹಗ್ಗದಾಟ ಬಿಟ್ಟದ್ದು ಯಾವಾಗ, ಎತ್ತಿಕೋ ಎಂದು ಮತ್ತೆ ಕೇಳತೊಡಗಿದ್ದು ಯಾವಾಗ ಎಂದು ತಾಯಿಯನ್ನು ಕೇಳು. ಅವಳು ಯಾವ ಭಾಷೆಯಲ್ಲಿ ಮಗುವನ್ನು ಮುದ್ದಾಡುತ್ತಾಳೋ ಆ ಭಾಷೆಯಲ್ಲಿ ಕೇಳು, ಕನ್ನಡವೋ ತಮಿಳೋ ತೆಲುಗೋ. ಫಾರಂ ತುಂಬುವ ಭಾಷೆಯಲ್ಲಿ ಕೇಳಿದರೆ ಫಾರಮ್ಮಿಗೆ ಬೇಕಾದ ಉತ್ತರವೇ ಸಿಗುತ್ತದೆ.

ಈಗ ಆರು ನಿಮಿಷದ ನಡಿಗೆಯ ಪರೀಕ್ಷೆ. ಇದರ ಹಿಂದೆ ಓಟದ ಕತೆಯಿದೆ. ಕೆನೆತ್ ಕೂಪರ್ ಎಂಬ ಅಮೆರಿಕದ ವಾಯುಪಡೆಯ ವೈದ್ಯ 1968ರಲ್ಲಿ ಹನ್ನೆರಡು ನಿಮಿಷದ ಓಟದ ಪರೀಕ್ಷೆ ಪ್ರಕಟಿಸಿದ. ಆಮೇಲೆ ದಮ್ಮಿನ ರೋಗಿಗಳಿಗಾಗಿ ಓಟ ನಡಿಗೆಯಾಯಿತು, ಹನ್ನೆರಡು ಆರಾಯಿತು. 2002ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಅದಕ್ಕೆ ಕಟ್ಟುನಿಟ್ಟಿನ ಕ್ರಮ ಬರೆಯಿತು. ಸಮತಟ್ಟಾದ 30 ಮೀಟರ್ ದಾರಿ, ಎರಡು ತುದಿಗೂ ಗುರುತು, ಮೂರು ಮೂರು ಮೀಟರಿಗೆ ಗೆರೆ. ಮೊದಲು ಹತ್ತು ನಿಮಿಷ ಕೂರಿಸು, ನಾಡಿ ಎಣಿಸು. ಓಡುವಂತಿಲ್ಲ, ಆದಷ್ಟು ದೂರ ನಡೆಯಬೇಕು. ಸುಸ್ತಾದರೆ ನಿಧಾನಿಸಬಹುದು, ಗೋಡೆಗೆ ಒರಗಬಹುದು, ಮತ್ತೆ ನಡೆಯಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನೀನು ಜೊತೆಯಲ್ಲಿ ನಡೆಯಬೇಡ, ನಿನ್ನ ಹೆಜ್ಜೆಯೇ ಅದರ ಹೆಜ್ಜೆಯಾಗಿಬಿಡುತ್ತದೆ. ನಿಮಿಷಕ್ಕೊಮ್ಮೆ ಒಂದೇ ದನಿಯಲ್ಲಿ, ಚೆನ್ನಾಗಿ ನಡೀತಿದ್ದೀಯ, ಇನ್ನು ಇಷ್ಟು ನಿಮಿಷ ಇದೆ ಎಂದಷ್ಟೇ ಹೇಳು. ಮುಗಿದ ಮೇಲೆ ಲೆಕ್ಕ: ಹೋಗಿಬರುವ ಆರು ಸುತ್ತು ಮುಗಿಸಿ ಏಳನೆಯದರಲ್ಲಿ 18 ಮೀಟರ್ ನಡೆದಿದ್ದರೆ ಒಟ್ಟು 378 ಮೀಟರ್.

ಪುಸ್ತಕದಲ್ಲಿ ಇಷ್ಟು ಸುಲಭ. ಹಳ್ಳಿಯ ಶಾಲೆಯ ಪಡಸಾಲೆಯಲ್ಲಿ ಏನಾಗುತ್ತದೆ ಕೇಳು. ಪಡಸಾಲೆ 30 ಮೀಟರ್ ಇರುವುದಿಲ್ಲ. ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಯುವಷ್ಟರಲ್ಲಿ ಅರ್ಧ ಶಾಲೆ ಸುತ್ತ ನಿಂತಿರುತ್ತದೆ. ಮಗುವಿನ ತಮ್ಮ ಪಕ್ಕದಲ್ಲೇ ಓಡತೊಡಗುತ್ತಾನೆ, ಪರೀಕ್ಷೆ ಪಂದ್ಯವಾಗುತ್ತದೆ. ತಾಯಿ ಒಂದು ತುದಿಯಲ್ಲಿ ಕೂತು, “ಬೇಗ ಬೇಗ, ಅಕ್ಕ ನೋಡ್ತಾವ್ಳೆ!” ಎಂದು ಕೂಗುತ್ತಾಳೆ. ಮೂರನೆಯ ನಿಮಿಷಕ್ಕೆ ಮಗುವಿಗೆ ಬೇಜಾರು, ಆಕಳಿಕೆ. ಇದಕ್ಕೆಲ್ಲ ಸಿಟ್ಟಾಗಬೇಡ. ಶಾಲೆ ಬಿಟ್ಟ ಮೇಲೆ ಮಾಡು. ತಮ್ಮನ ಕೈಗೆ ಹುಣಸೆಬೀಜ ಕೊಟ್ಟು ಸುತ್ತಿಗೊಂದು ಎಣಿಸಲು ಕೂರಿಸು. ಎಷ್ಟು ಉದ್ದದ ಪಡಸಾಲೆ ಎಂದು ಬರೆದಿಡು, ಮುಂದಿನ ಸಲವೂ ಅಲ್ಲೇ ನಡೆಸು. ದಾರಿ ಗಿಡ್ಡವಾದಷ್ಟು ತಿರುವು ಹೆಚ್ಚು, ತಿರುವು ಹೆಚ್ಚಿದಷ್ಟು ದೂರ ಕಡಿಮೆ. ಬೇರೆ ಜಾಗದಲ್ಲಿ ಬಂದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಿದರೆ ಮಗುವಿಗೆ ಅನ್ಯಾಯ.

ದೂರದ ಪಕ್ಕದಲ್ಲಿ ಇನ್ನೂ ನಾಲ್ಕು ವಿಷಯ ಬರೆ. ಹೊತ್ತೆಷ್ಟು? ಬೆಳಿಗ್ಗೆ ಎಂಟಕ್ಕೆ ಬಿಗಿದಿದ್ದ ಕಾಲು ಮಧ್ಯಾಹ್ನ ಮೂರಕ್ಕೆ ಹಾಗಿರುವುದಿಲ್ಲ. ಮಾತ್ರೆ ಯಾವಾಗ ನುಂಗಿತು? ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ವಾರಕ್ಕೊಮ್ಮೆ ಕೊಡುವ ಔಷಧ, ಮರುದಿನ ಕೆಲವು ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಆ ದಿನ ಅಳೆಯಬೇಡ. ಎಲ್ಲಿ ನೋವು, ಎಷ್ಟು ಸುಸ್ತು? ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರ ತೋರಿಸಿ ಬೆರಳಿಡಲು ಹೇಳು. ಕೊನೆಯದು, ಹೇಗೆ ನಡೆಯಿತು? ಒಂದು ಕಾಲಿನ ಮೇಲೆ ಭಾರ ಹಾಕಲು ಹೆದರುತ್ತದೆಯೇ, ಪಾದದ ಹೊರ ಅಂಚಿನಲ್ಲಿ ನಡೆಯುತ್ತದೆಯೇ, ಮಂಡಿ ಪೂರ್ತಿ ನೆಟ್ಟಗಾಗುತ್ತದೆಯೇ? ಒಂದೇ ಮಂಡಿ ಊದಿದ ಚಿಕ್ಕ ಮಕ್ಕಳಲ್ಲಿ ಊದಿದ ಕಾಲೇ ಬೇಗ ಬೆಳೆದು ಉದ್ದವಾಗುವುದುಂಟು, ಎರಡೂ ಕಾಲು ಅಳೆದು ನೋಡು.

ಬಂದ ಅಂಕಿಯನ್ನು ಏನು ಮಾಡುತ್ತೀಯ? ಹೊಳೆಯ ಲೆಕ್ಕವನ್ನೇ ನೋಡು. ಹೊಗೆನಕಲ್ಲಿಗೆ ನೀರು ಬರುವ ಮುಂಚೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ಕಾವೇರಿಯ ಹರಿವನ್ನು ಅಳೆಯುತ್ತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿಗೆ ಹರಿಯಬೇಕಾದ 177.25 ಟಿಎಂಸಿಯ ಲೆಕ್ಕ ಹಾಕುವುದೂ ಅಲ್ಲೇ. ಒಂದು ದಿನದ ಕ್ಯೂಸೆಕ್ ನೋಡಿ ಅಂದು ಹರಿಗೋಲು ಬಿಡಬೇಕೋ ಬೇಡವೋ ಹೇಳಬಹುದು, ಆ ವರ್ಷ ಹೊಳೆ ಹೇಗಿತ್ತು ಎಂದು ಹೇಳಲು ಇಡೀ ವರ್ಷದ ಪುಸ್ತಕ ಬೇಕು. ಮಗುವಿನ ನಡಿಗೆಯೂ ಅಷ್ಟೇ. ಇವತ್ತಿನ ದೂರ ಇವತ್ತಿನ ಮಾತು. ಮೂರು ತಿಂಗಳಿಗೊಮ್ಮೆ ಅಳೆದು ಸಾಲಾಗಿ ಬರೆದರೆ ಔಷಧ ಹಿಡಿದಿದೆಯೋ, ಮಗು ಜಗಲಿ ಹಿಡಿದಿದೆಯೋ ತಿಳಿಯುತ್ತದೆ. ಅಕ್ಕನ ಮಗನೊಂದಿಗೆ, ಪಕ್ಕದ ಮನೆಯ ಹುಡುಗಿಯೊಂದಿಗೆ ಹೋಲಿಸಲು ಯಾರಿಗೂ ಬಿಡಬೇಡ. ಈ ಮಗುವಿನ ಎದುರಾಳಿ ಹೋದ ಸಲದ ಇದೇ ಮಗು.

ಆರು ನಿಮಿಷದ ನಡಿಗೆಗೆ ಮಿತಿಯೂ ಇದೆ. 2005ರ ಸುಮಾರಿಗೆ ನೆದರ್ಲೆಂಡ್ಸ್‌ನ ಸಂಶೋಧಕರು ಕೀಲೂತದ ಮಕ್ಕಳನ್ನು ಹೀಗೆ ನಡೆಸಿ ನೋಡಿದಾಗ ಅವರ ಹೃದಯ ಗರಿಷ್ಠ ಬಡಿತದ ಸುಮಾರು ಶೇ 80ರ ಮಟ್ಟಕ್ಕೆ ಏರುತ್ತಿತ್ತು. ನಮಗೆ ಬರೀ ನಡಿಗೆ ಅನ್ನಿಸಿದ್ದು ಆ ಮಗುವಿಗೆ ಗಟ್ಟಿ ದುಡಿಮೆ. ಆದರೂ ನಡೆದ ದೂರವೊಂದರಿಂದ ಹೃದಯ, ಶ್ವಾಸಕೋಶಗಳ ಪೂರ್ತಿ ತಾಕತ್ತು ತಿಳಿಯುವುದಿಲ್ಲ. ಅದಕ್ಕೆ ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ಲಿನ ಮೇಲೋ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೋ ಹಂತಹಂತವಾಗಿ ಭಾರ ಏರಿಸಿ ಆಮ್ಲಜನಕ ಅಳೆಯುವ ಪರೀಕ್ಷೆ ಬೇಕು. ಮಂಡಿ ನೋವಿನ ಮಗುವಿಗೆ ಸೈಕಲ್ಲೇ ಮೇಲು, ಮೈಭಾರ ಸೀಟಿನ ಮೇಲಿರುತ್ತದೆ. ಅಂಥ ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ 2002ರ ಒಂದು ಪರಿಶೀಲನೆಯಲ್ಲಿ ಈ ಮಕ್ಕಳ ತಾಕತ್ತು ಓರಗೆಯವರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಕಂಡಿತು. ಕಾರಣ ಕೀಲೊಂದೇ ಅಲ್ಲ. ರಕ್ತಹೀನತೆ, ಊತದ ಸುತ್ತ ಸೊರಗುವ ಮಾಂಸಖಂಡ, ಸ್ಟಿರಾಯ್ಡ್, ನಿದ್ದೆಗೇಡು ಎಲ್ಲ ಸೇರುತ್ತವೆ. ಎಲ್ಲಕ್ಕೂ ಮೇಲೆ ನಾವು ಪ್ರೀತಿಯಿಂದ ಕೂರಿಸುವ ಕೂರಿಕೆ.

ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಇದನ್ನೇ. ನಿನ್ನ ಕಾರ್ಡಿನಲ್ಲಿ ಕಡಿಮೆ ಅಂಕಿ ಕಂಡ ಕೂಡಲೇ ಮನೆಯವರು “ಹಾಗಾದ್ರೆ ಆಟಕ್ಕೆ ಕಳಿಸಲ್ಲ” ಅನ್ನುತ್ತಾರೆ. ಪಿ.ಟಿ. ಮೇಷ್ಟ್ರು ಬೇವಿನ ಮರದಡಿ ಎಲ್ಲರ ಬ್ಯಾಗು ಕಾಯಲು ಕೂರಿಸುತ್ತಾರೆ. ನಿನ್ನ ಅಳತೆ ಆ ಕೂರಿಕೆಗೆ ಸರ್ಟಿಫಿಕೇಟ್ ಆಗಬಾರದು. ಆಟ ಆಡಿದರೆ ಕೀಲು ಸವೆಯುತ್ತದೆ ಎಂಬುದು ಹಳೆಯ ಭಯ. ವ್ಯಾಯಾಮದ ಪ್ರಯೋಗಗಳನ್ನು ಒರೆಗೆ ಹಚ್ಚಿದ 2008ರ ಕಾಕ್ರೇನ್ ಪರಿಶೀಲನೆಯಲ್ಲಿ ವ್ಯಾಯಾಮದಿಂದ ರೋಗ ಹೆಚ್ಚಿದ ಗುರುತು ಕಾಣಲಿಲ್ಲ. ಎಲುಬು ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಲೇಬೇಕು, ತೊಡೆ ತುಂಬಿಕೊಂಡರೆ ಮಂಡಿಯ ಕಷ್ಟ ಇಳಿಯುತ್ತದೆ. ಮೇಷ್ಟ್ರಿಗೆ ಚೀಟಿ ಬರೆದುಕೊಡು: ಈ ಮಗು ಆಡಲಿ, ಸುಸ್ತಾದಾಗ ಕೇಳದೆಯೇ ಕೂರಲು ಬಿಡಿ, ಮೊದಲ ಪೀರಿಯಡ್ಡಿನ ಓಟ ಬೇಡ, ಪ್ರತಿ ಗಂಟೆಗೊಮ್ಮೆ ಎದ್ದು ಕಾಲಾಡಿಸಲಿ. ಹನ್ನೊಂದನೆಯ ತರಗತಿಯಲ್ಲಿ ಸರ್ಕಾರ ಕೊಡುವ ಸೈಕಲ್ಲನ್ನು “ಇವನಿಗೆ ಯಾಕೆ” ಎಂದು ಅಣ್ಣನಿಗೆ ದಾಟಿಸುವ ಮನೆಗಳಿರುತ್ತವೆ. ಸೀಟನ್ನು ಮಗುವಿನ ಎತ್ತರಕ್ಕೆ ನೀನೇ ಏರಿಸಿಕೊಟ್ಟು ಬಾ.

ಕೂರಿಸುವುದು ಒಂದು ಅತಿಯಾದರೆ ಹರಕೆ ಇನ್ನೊಂದು ಅತಿ. ಮಗು ಚೇತರಿಸಿಕೊಂಡರೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆಸಿಕೊಂಡು ಬರುತ್ತೇವೆ ಎಂದು ಹೊತ್ತುಕೊಂಡವರು ಸಿಗುತ್ತಾರೆ. ಭಕ್ತಿಗೆ ಅಡ್ಡ ಬರಬೇಡ. ಹರಕೆಗೆ ಗಡುವು ಹಾಕಬೇಡಿ, ಮಾದಪ್ಪ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳು. ಈ ತಿಂಗಳು ಊರಬಾಗಿಲವರೆಗೆ, ಬರುವ ತಿಂಗಳು ಬಸ್‌ಸ್ಟ್ಯಾಂಡಿನವರೆಗೆ ಎಂದು ಮೆಟ್ಟಿಲು ಕಟ್ಟಿಕೊಡು. ಇವತ್ತು ನಡೆದದ್ದರ ನೋವು ನಾಳೆ ಬೆಳಿಗ್ಗೆಗೂ ಉಳಿದಿದ್ದರೆ, ಬಿಗಿತ ಹೆಚ್ಚಿದ್ದರೆ ನಿನ್ನೆಯದು ಜಾಸ್ತಿಯಾಯಿತು ಎಂದರ್ಥ. ಸ್ವಲ್ಪ ಇಳಿಸು, ನಿಲ್ಲಿಸಬೇಡ. ನೀರಿನಲ್ಲಿ ವ್ಯಾಯಾಮ ಒಳ್ಳೆಯದು ಎಂದು ಯಾರೋ ಹೇಳಿದರೆಂದು ಹೊಗೆನಕಲ್ಲಿನ ಝರಿಗೆ ಇಳಿಸುವವರಿಗೂ ತಿಳಿಹೇಳು. ಆ ಮಾತು ಹೊರಟದ್ದು ಬೆಚ್ಚನೆಯ, ಎದೆಮಟ್ಟದ ಕೊಳದಿಂದ. ಪಾಚಿ ಕಟ್ಟಿದ ಬಂಡೆ, ಸುಳಿ, ತಣ್ಣೀರು ಇರುವಲ್ಲಿ ಕುಂಟುವ ಕಾಲಿಗೆ ಕೆಲಸವಿಲ್ಲ.

ಅಳೆಯಲೇಬಾರದ ದಿನಗಳನ್ನೂ ನೆನಪಿಡು. ಜ್ವರ ಇದ್ದರೆ, ಎದೆನೋವು, ಏದುಸಿರು ಇದ್ದರೆ, ಕೀಲು ಹೊಸದಾಗಿ ಕೆರಳಿದ್ದರೆ ಗಡಿಯಾರ ಒಳಗಿಡು. ನಡೆಯುವಾಗ ಮಗು ಬಿಳುಚಿಕೊಂಡರೆ, ತಲೆ ಸುತ್ತಿದರೆ, ಎದೆ ಹಿಡಿದುಕೊಂಡರೆ ಆರು ನಿಮಿಷದ ಆಸೆ ಬಿಟ್ಟು ಕೂರಿಸು. ಒಂದೇ ಕೀಲು ಕೆಂಪಗೆ ಊದಿ, ಜೋರು ಜ್ವರ ಬಂದು, ಕಾಲೂರಲಾಗದಿದ್ದರೆ ಅದು ಕೀವಿನ ಸೋಂಕು ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಎಬ್ಬಿಸುವ ಎಲುಬು ನೋವು, ಇಳಿಯುವ ತೂಕ, ಬಿಳುಚಿದ ಮುಖ ಇದ್ದರೂ ತಡ ಮಾಡಬೇಡ. ಕಣ್ಣನ್ನು ಮರೆಯಬೇಡ. ಈ ರೋಗದಲ್ಲಿ ಕಣ್ಣೊಳಗಿನ ಉರಿಯೂತ ಕೆಂಪೂ ಆಗದೆ, ನೋಯದೆ ದೃಷ್ಟಿ ಕಸಿಯಬಲ್ಲದು. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಮಗುವಿಗೂ ಅದು ಬೇಕು.

ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಶುರು ಮಾಡು. ಕೀಲುರೋಗದ ತಜ್ಞರು ಬೇಕಾದರೆ ವೆಲ್ಲೂರಿನ ಸಿಎಂಸಿ ಇದೆ, ಬೆಂಗಳೂರಿನ ಸೇಂಟ್ ಜಾನ್ಸ್ ಇದೆ. ಕಳಿಸುವಾಗ ಬರೀ ‘ಕೀಲು ನೋವು’ ಎಂದು ಬರೆದು ಕೈತೊಳೆದುಕೊಳ್ಳಬೇಡ. ಯಾವ ಕೀಲು, ಎಷ್ಟು ವಾರ, ಬೆಳಗಿನ ಬಿಗಿತ ಎಷ್ಟು ಹೊತ್ತು, ಆರು ನಿಮಿಷಕ್ಕೆ ಎಷ್ಟು ದೂರ, ಯಾವ ಆಟ ಬಿಟ್ಟಿದೆ ಎಂಬ ನಿನ್ನ ಸಾಲುಗಳು ಅಲ್ಲಿನ ವೈದ್ಯರ ಅರ್ಧ ಕೆಲಸ ಮಾಡುತ್ತವೆ. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಕಳೆದುಕೊಂಡು ಹೋಗುವ ಅಪ್ಪ-ಅಮ್ಮನಿಗೆ ನೀನು ಕೊಡಬಹುದಾದ ದೊಡ್ಡ ನೆರವು ಆ ಒಂದು ಪುಟ.

ಆ ಪುಟದಲ್ಲಿ ಕೊನೆಯ ಸಾಲು ಮಗುವಿಗೆ ಬಿಟ್ಟಿರಲಿ. “ನಿನಗೆ ಮತ್ತೆ ಏನು ಮಾಡಬೇಕು ಅನ್ನಿಸುತ್ತೆ?” ಎಂದು ಅದನ್ನೇ ಕೇಳು, ತಾಯಿ ಉತ್ತರಿಸದಂತೆ ನೋಡಿಕೋ. ಒಬ್ಬಳು ಹಗ್ಗದಾಟ ಅನ್ನುತ್ತಾಳೆ, ಒಬ್ಬ ಅಪ್ಪನ ಹರಿಗೋಲಿಗೆ ತಾನೇ ಹತ್ತಬೇಕು ಅನ್ನುತ್ತಾನೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆ, ಅದಕ್ಕೆ ಬೇಕಾದದ್ದನ್ನೇ ಕಲಿಸು: ಒಂಟಿಕಾಲಲ್ಲಿ ನಿಲ್ಲುವುದು, ಅಲುಗುವ ಹಲಗೆಯ ಮೇಲೆ ಕಾಲಿಡುವುದು, ಕುಕ್ಕರಗಾಲಲ್ಲಿ ಕೂತು ಏಳುವುದು. ಮೂರು ತಿಂಗಳ ಮೇಲೆ ಹೋದಾಗ ಮೀಟರಿನ ಲೆಕ್ಕಕ್ಕಿಂತ ಮೊದಲು ಆ ಸಾಲನ್ನು ಓದಿ, “ಆಯ್ತಾ?” ಎಂದು ಕೇಳು. ಆಗಿಲ್ಲ ಅಂದರೆ ಕಾರಣ ಹುಡುಕು. ಆಯಿತು ಅಂದರೆ ಇನ್ನೊಂದು ಆಸೆ ಕೇಳಿ ಬರೆದುಕೋ.

ನಿನ್ನ ದೊಡ್ಡಪ್ಪ